ಹದಿಮೂರನೆಯ ನಾಲಗೆ

ಶವಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಎಲ್ಲರೂ ಸಾಲಾಗಿ ಬಂದು ಅವರ ಮುಖ ನೋಡಿದರು. ನಾನು ಹೆಬ್ಬೆರಳು ನೋಡಿದೆ. ಜಪಸರ ಸುತ್ತಿ ಎದೆಯ ಮೇಲೆ ಜೋಡಿಸಿದ್ದ ಆ ಕೈಗಳಲ್ಲಿ ಎಡ ಹೆಬ್ಬೆರಳಿನ ಉಗುರು ಎಲ್ಲರ ಉಗುರಿನ ಹಾಗೆ ಮೊಟಕಾಗಿತ್ತು. ಬಲದ್ದು ಅರ್ಧ ಇಂಚು ಬೆಳೆದಿತ್ತು. ಒಂದನ್ನು ಕತ್ತರಿಸಿ ಇನ್ನೊಂದನ್ನು ಬಿಡುವ ಮನುಷ್ಯನಿಗೆ ಕಾರಣ ಇರಲೇಬೇಕು. ಆ ಕಾರಣ ನನಗೆ ಸಿಕ್ಕಿದ್ದು ಒಂದು ತಿಂಗಳ ನಂತರ.

ಪಾದ್ರಿಗಳು ಪ್ರಸಂಗದಲ್ಲಿ ಅವರನ್ನು ‘ಶಾಂತ ಸ್ವಭಾವದ ಸಂಗೀತಪ್ರೇಮಿ’ ಎಂದು ಕರೆದರು. ಕಾಪುವಿನ ಕಡಲಿನಿಂದ ಕೂಗಳತೆಯಲ್ಲಿರುವ ನಮ್ಮ ಇಗರ್ಜಿಯಲ್ಲಿ ಅವತ್ತು ನೂರೈವತ್ತು ಜನರಾದರೂ ಇದ್ದರು, ಒಬ್ಬರೂ ಕೆಮ್ಮಲಿಲ್ಲ. ಅವರು ಶಾಂತರಾಗಿರಲಿಲ್ಲ. ಪ್ರೇಮ ಎಂಬುದು ಅವರ ಮನೆಯ ಹೊಸ್ತಿಲು ದಾಟಿದ್ದಕ್ಕೆ ಸಾಕ್ಷಿ ಇಲ್ಲ. ಸಂಗೀತವೊಂದು ಇತ್ತು, ಅದನ್ನು ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾವೇ ನಿಲ್ಲಿಸಿದ್ದೆವು. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಆಡಬೇಕೆಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಸತ್ತವರಿಗೆ ಅದರಿಂದ ಏನೂ ಸಿಗುವುದಿಲ್ಲ. ಉಳಿದವರಿಗೆ ಮಾತ್ರ ತಾವು ಮಾಡಿದ್ದನ್ನು ಮರೆಯಲು ಅನುಕೂಲ.

ಅವರು ನಮ್ಮ ಪಕ್ಕದ ಮನೆಯವರು. ಐವತ್ತರ ದಶಕದ ನಡುವೆ ಆಫ್ರಿಕಾದ ಟಾಂಗಾನಿಕಾದಿಂದ ಊರಿಗೆ ಬಂದರು. ಅಲ್ಲಿ ಇಪ್ಪತ್ತೆರಡು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಟೈಮ್‌ಕೀಪರ್ ಆಗಿದ್ದರು. ಕೂಲಿಗಳು ಗೇಟಿನೊಳಗೆ ಎಷ್ಟು ಗಂಟೆಗೆ ಕಾಲಿಟ್ಟರು, ಎಷ್ಟು ಗಂಟೆಗೆ ಹೊರಟರು, ಮಧ್ಯೆ ಎಷ್ಟು ಹೊತ್ತು ಕೈಕಟ್ಟಿ ನಿಂತರು ಎಂದು ಬರೆದಿಡುವ ಕೆಲಸ. ಊರಿನಲ್ಲಿ ಬರೆದಿಡಲು ಕೂಲಿಗಳಿರಲಿಲ್ಲ. ಮದುವೆಯಾಗದ ಅಕ್ಕ ಇದ್ದರು. ಅವರನ್ನು ನಾನು ಮಾವ್ಶಿ, ಎಂದರೆ ಚಿಕ್ಕಮ್ಮ, ಎಂದೂ ಇವರನ್ನು ಬಾಪ್ಪು, ಎಂದರೆ ಚಿಕ್ಕಪ್ಪ, ಎಂದೂ ಕರೆಯುವುದು, ರಕ್ತಸಂಬಂಧ ಏನೂ ಇಲ್ಲ. ಜಗಲಿಯ ಗೋಡೆಯಲ್ಲಿ ಒಂದು ಗಡಿಯಾರ, ಅದರ ಕೆಳಗೆ ಮೊಳೆಗೆ ನೇತುಹಾಕಿದ ಒಂದು ಸ್ಲೇಟು. ಮಾವ್ಶಿ ಮೀನಿಗೆ ಹೋಗಿ ಬಂದರೆ ಸ್ಲೇಟಿನಲ್ಲಿ ಬೀಳುತ್ತಿತ್ತು: ‘ಮೀನು: ಏಳು ನಿಮಿಷ ತಡ.’ ಇಗರ್ಜಿಗೆ ಹೋಗಿ ಬಂದರೂ ಬೀಳುತ್ತಿತ್ತು.

“ದೇವರ ಹತ್ತಿರ ನಿಂತದ್ದಕ್ಕೂ ತಡ ಬರೀತೀಯಲ್ಲ, ನಿನಗೆ ನಾಚಿಕೆ ಉಂಟಾ?” ಎಂದು ಮಾವ್ಶಿ ಒಮ್ಮೆ ಕೇಳಿದ್ದು ನನ್ನ ಕಿವಿಗೆ ಬಿದ್ದಿತ್ತು.

“ಪೂಜೆ ಮುಗಿದದ್ದು ಏಳೂವರೆಗೆ. ದೇವರೂ ಅಷ್ಟೊತ್ತಿಗೆ ಎದ್ದು ಹೋಗಿದ್ದಾನೆ. ಆಮೇಲೆ ನೀನು ನಿಂತದ್ದು ಇಗರ್ಜಿಯ ಗುರ್ಕಾರರ ಹೆಂಡತಿಯ ಹತ್ತಿರ.”

ಸಂಜೆಯ ಹೊತ್ತಿಗೆ ಬರೆದವರೇ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸುತ್ತಿದ್ದರು. ಸ್ಲೇಟು ಒರೆಸಿದರೆ ಬರೆದದ್ದೂ ಹೋಯಿತು ಎಂಬ ನಂಬಿಕೆ ಅವರಿಗಿತ್ತು. ಆ ನಂಬಿಕೆ ತಪ್ಪೆಂದು ತಿಳಿಯದೆಯೇ ಅವರು ತೀರಿಹೋದರು.

ಊರಿನವರು ಅವರನ್ನು ‘ಆಫ್ರಿಕಾ ಪೊರ್ಬು’ ಎನ್ನುತ್ತಿದ್ದರು; ನಮ್ಮ ಕಡೆ ಕ್ರೈಸ್ತರನ್ನು ಪೊರ್ಬುಗಳು ಎನ್ನುವುದು. ಮೀನಿನ ಬುಟ್ಟಿ ಹೊತ್ತು ಬರುವ ಹೆಂಗಸರು ಗೇಟಿನ ಹೊರಗೇ ನಿಂತು ಅವರ ಉಗುರನ್ನು ಆಡಿಕೊಳ್ಳುತ್ತಿದ್ದರು. ಎರಡೂ ಹೆಬ್ಬೆರಳಿಗೆ ಹದ್ದಿನ ಹಾಗೆ ಉಗುರು. ಅದಕ್ಕೆ ಹರಳೆಣ್ಣೆ ಹಚ್ಚಿ ಸಾಕುತ್ತಿದ್ದರು. ಅನ್ನ ಕಲಸುವಾಗ ಹೆಬ್ಬೆರಳನ್ನು ಎತ್ತಿ ಹಿಡಿದು ಉಳಿದ ನಾಲ್ಕು ಬೆರಳಲ್ಲಿ ಉಣ್ಣುತ್ತಿದ್ದರು. ಈ ಸಾಕಾಣಿಕೆಯೆಲ್ಲ ಒಂದು ಪೆಟ್ಟಿಗೆಗಾಗಿ. ಅದರ ಹೆಸರು ಕಲಿಂಬಾ. ಊರಿನವರು ಇಟ್ಟ ಹೆಸರು ಇಲಿಬೋನು.

ಎರಡು ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಟೊಳ್ಳು ಮರದ ಪೆಟ್ಟಿಗೆ, ನಡುವೆ ಒಂದು ತೂತು. ಮೇಲೆ ಕೊಡೆಯ ಕಡ್ಡಿಗಳನ್ನು ಬಡಿದು ಚಪ್ಪಟೆ ಮಾಡಿ ಸಾಲಾಗಿ ಬಿಗಿದ ಹದಿಮೂರು ಕಂಬಿಗಳು. ಅವರು ಕಂಬಿ ಎನ್ನುತ್ತಿರಲಿಲ್ಲ, ನಾಲಗೆ ಎನ್ನುತ್ತಿದ್ದರು. ನಾಲಗೆಯ ತುದಿಯನ್ನು ಉಗುರಿನಿಂದ ಒತ್ತಿ ಬಿಟ್ಟರೆ ಹನಿ ಬಿದ್ದ ಹಾಗೆ ಒಂದು ಸ್ವರ, ಅದರ ಹಿಂದೆಯೇ ನೊಣ ಹಾರಿದಂಥ ಸಣ್ಣ ಗುಂಯ್. ಜಗಲಿಯನ್ನೂ ಅಡುಗೆಮನೆಯನ್ನೂ ಬೇರ್ಪಡಿಸಿದ್ದು ಒಂದು ಹಲಗೆಯ ತಟ್ಟಿ. ಅವರು ಅದಕ್ಕೆ ಒರಗಿ, ಪೆಟ್ಟಿಗೆಯ ಬೆನ್ನನ್ನೂ ಹಲಗೆಗೆ ತಾಗಿಸಿ ಬಾರಿಸುತ್ತಿದ್ದರು. ಹಾಗೆ ಬಾರಿಸಿದರೆ ಸದ್ದು ದೊಡ್ಡದಾಗುತ್ತದೆ ಎಂಬುದು ಅವರ ಸಂಶೋಧನೆ.

ನತಾಲ್ ಹತ್ತಿರ ಬಂದಾಗ, ಎಂದರೆ ಕ್ರಿಸ್ಮಸ್ ರಜೆಯ ದಿನಗಳಲ್ಲಿ, ಅವರ ಜಗಲಿ ಕಾರ್ಖಾನೆಯಾಗುತ್ತಿತ್ತು. ಮಾವ್ಶಿ ಒಳಗೆ ಹಬ್ಬಕ್ಕೆ ಹಂಚುವ ಕುಸ್ವಾರಿನ ಕಜ್ಜಾಯ ಕರಿಯುವಾಗ ಇವರು ಹೊರಗೆ ನಾಲಗೆಗಳನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ನಾಲಗೆಯನ್ನು ಹೊರಗೆ ಎಳೆದು ಉದ್ದ ಮಾಡಿದರೆ ಸ್ವರ ಇಳಿಯುತ್ತದೆ, ಒಳಗೆ ತಳ್ಳಿ ಗಿಡ್ಡ ಮಾಡಿದರೆ ಏರುತ್ತದೆ. ತೊಟ್ಟಿಲ ಹಾಡಿಗೆ ಒಂದು ಜೋಡಣೆ, ಕುರುಬರ ಹಾಡಿಗೆ ಇನ್ನೊಂದು. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ತುಳು ಹಾಡನ್ನು ಕದ್ದು ಕೇಳಿ ಅದಕ್ಕೊಂದು ಜೋಡಣೆ ಮಾಡಿ, ಅದರಲ್ಲಿ ತೊಟ್ಟಿಲ ಹಾಡು ಬಾರಿಸಿದರೆ ಬಾಲಯೇಸು ಬೆತ್ಲೆಹೇಮ್ ಬಿಟ್ಟು ನಮ್ಮ ಬೈಲುಗದ್ದೆಯಲ್ಲೇ ಹುಟ್ಟಿದ ಹಾಗಾಗುತ್ತದೆ ಎಂದು ನಕ್ಕಿದ್ದರು. ಅವರು ನಕ್ಕದ್ದು ನನಗೆ ನೆನಪಿರುವುದು ಎರಡು ಸಲ. ಇದು ಒಂದು.

ಆದರೆ ಸರಿಯುತ್ತಿದ್ದದ್ದು ಹನ್ನೆರಡು ನಾಲಗೆ ಮಾತ್ರ. ಬಲತುದಿಯ ಹದಿಮೂರನೆಯದನ್ನು ಅವರು ಮುಟ್ಟಿದ್ದನ್ನು ನಾನು ನೋಡಿಲ್ಲ. ಬಾರಿಸುತ್ತಿದ್ದರು, ಸರಿಸುತ್ತಿರಲಿಲ್ಲ. ಅದು ಇಗರ್ಜಿಯ ಹಾರ್ಮೋನಿಯಮ್ಮಿನ ಯಾವ ಮನೆಗೂ ಹೊಂದದ ಸ್ವರ. ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತಂಥದ್ದು. ಅದನ್ನು ಇದ್ದಲ್ಲೇ ಬಿಟ್ಟು, ಉಳಿದ ಹನ್ನೆರಡನ್ನು ಅದಕ್ಕೆ ಹೊಂದಿಸುತ್ತಿದ್ದರು. ಅದಕ್ಕೆ ಹೆಸರಿಟ್ಟವನು ನಾನು.

“ಯೇಸುವಿನ ಕೊನೆಯ ಊಟದ ಹಾಗೆ ಹದಿಮೂರು ಮಂದಿ ಕೂತ ಮೇಜಿನಲ್ಲಿ ಒಬ್ಬ ದ್ರೋಹಿ ಜುದಾಸ್ ಇದ್ದೇ ಇರುತ್ತಾನೆ, ಬಾಪ್ಪು. ಇವನೇ ನಿಮ್ಮ ಜುದಾಸ್.”

“ಜುದಾಸನಿಗೆ ಉಳಿದ ಹನ್ನೊಂದು ಜನ ಹೊಂದಿಕೊಂಡರಾ?”

“ಇಲ್ಲ.”

“ಹಾಗಾದರೆ ಇವನು ಜುದಾಸ್ ಅಲ್ಲ. ನಿನಗೆ ಸುವಾರ್ತೆಯೂ ಬರುವುದಿಲ್ಲ, ತರ್ಕವೂ ಬರುವುದಿಲ್ಲ. ಬಾಯಿ ಮಾತ್ರ ಬರುತ್ತದೆ.”

ಹೆಸರು ಮಾತ್ರ ಊರಲ್ಲಿ ಉಳಿಯಿತು.

ನನಗೆ ವಾದ ಕಲಿಸಿದವರು ಇವರು. ಉಡುಪಿಯಲ್ಲಿ ಬಿ.ಎ. ಓದುತ್ತಿದ್ದಾಗ ರಜೆಗೆ ಬಂದವನನ್ನು ಜಗಲಿಯಲ್ಲಿ ಕೂರಿಸಿ ಒಂದು ವಿಷಯ ಎಸೆಯುತ್ತಿದ್ದರು: ದೋಣಿ ದೊಡ್ಡದೋ ಬಲೆ ದೊಡ್ಡದೋ, ಪಾದ್ರಿಗಳು ಮದುವೆಯಾಗಬೇಕೋ ಬೇಡವೋ. ನಮ್ಮಿಬ್ಬರದ್ದೂ ಮನೆಮಾತು ಕೊಂಕಣಿ. ಆದರೆ ವಾದ ಕನ್ನಡದಲ್ಲೇ ಆಗಬೇಕು ಎಂಬುದು ಅವರ ಕಟ್ಟಳೆ. “ಕನ್ನಡದಲ್ಲಿ ಮಾತಾಡು. ಕೊಂಕಣಿಯಲ್ಲಿ ವಾದ ಆಗುವುದಿಲ್ಲ, ಜಗಳ ಆಗುತ್ತದೆ.” ನಾನು ಬಿಸಿಯೇರಿ ಮಾತಿನ ನಡುವೆ ಇರುವಾಗ ಗಡಿಯಾರ ನೋಡಿ ಬೆರಳೆತ್ತಿ ಹೇಳುತ್ತಿದ್ದರು, “ಪಕ್ಷ ಬದಲಿಸು!” ಆ ಕ್ಷಣದಿಂದ ನಾನು ಆತನಕ ಹೇಳಿದ್ದನ್ನೆಲ್ಲ ಕೆಡವಬೇಕು. ಉಸಿರು ತೆಗೆದುಕೊಳ್ಳುವಂತಿಲ್ಲ. ತಡವರಿಸಿದರೆ, “ನಾಲ್ಕು ಸೆಕೆಂಡು ಹಾಳು. ವರ್ಕ್‌ಶಾಪಿನಲ್ಲಾಗಿದ್ದರೆ ನಿನ್ನ ಹೆಸರಿನ ಮುಂದೆ ಗೀಟು ಹಾಕುತ್ತಿದ್ದೆ.” ಮಾತು ಹೆಚ್ಚಾದರೆ ಪೆಟ್ಟಿಗೆ ತೋರಿಸುತ್ತಿದ್ದರು: “ನೋಡು, ನಾಲಗೆ ಉದ್ದವಾದಷ್ಟೂ ಸ್ವರ ಕೆಳಗೆ.”

ನನ್ನ ಮನೆಯಲ್ಲಿ ನಾನು ಬಾಯಿ ತೆರೆದರೆ ಅಪ್ಪ ಎದ್ದು ಹೋಗುತ್ತಿದ್ದರು. ಇಗರ್ಜಿಯ ಕ್ಯಾಟೆಕಿಸಂ ಎಂಬ ಧರ್ಮಪಾಠದ ತರಗತಿಯಿಂದ ನನ್ನನ್ನು ಎರಡು ಸಲ ಹೊರಗೆ ಹಾಕಿದ್ದರು. ನಾನು ಆಡಿದ್ದನ್ನು ಕೊನೆಯ ತನಕ ಕೇಳಿದ ಮೊದಲ ಮನುಷ್ಯ ಇವರು. ಇದನ್ನು ಇವರ ಪರವಾದ ಒಂದು ಅಂಶವಾಗಿ ಬರೆದಿಟ್ಟುಕೊಳ್ಳಿ. ಬೇರೆ ಹೆಚ್ಚು ಸಿಗುವುದಿಲ್ಲ.

ನಾನು ಮಣಿಪಾಲದ ಸ್ಪರ್ಧೆಯಲ್ಲಿ ಕಪ್ ಗೆದ್ದು ಬಂದ ವರ್ಷ, ನವೆಂಬರ್ ಕೊನೆಯ ಒಂದು ಮಧ್ಯಾಹ್ನ ಕೇಳಿದೆ, “ಆ ಒಂದನ್ನು ಯಾಕೆ ಸರಿಸುವುದಿಲ್ಲ, ಬಾಪ್ಪು?”

ಅವರು ಬಾರಿಸುವುದನ್ನು ನಿಲ್ಲಿಸಲಿಲ್ಲ. ಬಾರಿಸುತ್ತಲೇ ಹೇಳಿದರು.

ಪೆಟ್ಟಿಗೆಯನ್ನು ಮಾಡಿದವನು ವರ್ಕ್‌ಶಾಪಿನ ಒಬ್ಬ ಕೂಲಿ. ಕೆಲಸದ ಹೊತ್ತಿನಲ್ಲಿ ಬಾಯ್ಲರಿನ ಹಿಂದೆ ಕೂತು ಬಾರಿಸುತ್ತಿದ್ದ. ಇವರು ಹೋಗಿ ಕೈಯಿಂದ ಕಿತ್ತುಕೊಂಡರು. ಅವನು ಆಗಷ್ಟೇ ಬಲತುದಿಯ ನಾಲಗೆಯನ್ನು ಕಿವಿಗೆ ಹತ್ತಿರ ಹಿಡಿದು ಸರಿಮಾಡಿ ಮುಗಿಸಿದ್ದ. ಆ ದಿನ ಅವನು ಗೇಟಿನ ಒಳಗಿದ್ದರೂ ಪುಸ್ತಕದಲ್ಲಿ ಗೈರುಹಾಜರಿ ಎಂದು ಬರೆದರು. ಅದು ಮೂರನೆಯ ಗೈರುಹಾಜರಿ; ಕೆಲಸ ಹೋಯಿತು.

“ಮೂರು ದಿನ ಗೇಟಿನಲ್ಲಿ ಬಂದು ನಿಂತ. ಕೆಲಸ ಬೇಡ, ಪೆಟ್ಟಿಗೆ ಕೊಡಿ ಎಂದ. ನಾನು ಕೊಡಲಿಲ್ಲ. ನಾಲ್ಕನೆಯ ದಿನ ಬರಲಿಲ್ಲ.”

“ಎಂತ ಆಯಿತು ಅವನಿಗೆ?”

“ನಾನು ಟೈಮ್‌ಕೀಪರ್. ಗೇಟಿನ ಹೊರಗಿನವರ ಹಾಜರಿ ನಾನು ಇಡುವುದಿಲ್ಲ.”

ಸ್ವಲ್ಪ ಹೊತ್ತು ಆ ಒಂದೇ ನಾಲಗೆಯನ್ನು ಬಾರಿಸಿದರು. “ನನಗೆ ಬೆರಳು ಉಂಟು, ಕಿವಿ ಇಲ್ಲ. ಇದು ಇದ್ದರೆ ಉಳಿದದ್ದನ್ನು ಇದರ ಪಕ್ಕ ಕೂರಿಸುತ್ತೇನೆ. ಇದನ್ನೇ ಸರಿಸಿದರೆ ಮತ್ತೆ ಹುಡುಕಲು ನನ್ನಿಂದ ಆಗುವುದಿಲ್ಲ. ಅವನು ಇಟ್ಟದ್ದು ಅವನು ಇಟ್ಟ ಹಾಗೆ ಇರಲಿ.”

“ಪಾದ್ರಿಗಳಿಗೆ ಹೇಳಿದ್ದೀರಾ?”

“ಪಾದ್ರಿಗಳು ಕ್ಷಮಿಸಿಬಿಡುತ್ತಾರೆ. ಅದು ಅವರ ಕೆಲಸ. ನೀನು ದೇವರನ್ನು ನಂಬುವವನಲ್ಲ, ಆ ಭಯ ಇಲ್ಲ. ಅದಕ್ಕೇ ನಿನಗೆ ಹೇಳಿದ್ದು.”

ಆಮೇಲೆ, ಅವರನ್ನು ಬಲ್ಲ ಯಾರೂ ನಂಬದಂಥ ಕೆಲಸ ಮಾಡಿದರು. ನನ್ನಲ್ಲಿ ಒಂದು ಸಹಾಯ ಕೇಳಿದರು. ನತಾಲಿನ ಬೆಳಗಿನ ಪೂಜೆ ಮುಗಿದು ಜನ ಸಾಲಾಗಿ ಬಾಲಯೇಸುವಿನ ಪ್ರತಿಮೆಯ ಪಾದಕ್ಕೆ ಮುತ್ತಿಡುವಾಗ ಗಾಯಕವೃಂದ ತೊಟ್ಟಿಲ ಹಾಡು ಹಾಡುತ್ತದೆ. ಆ ವರ್ಷ ಅದನ್ನು ಇವರು ಪೆಟ್ಟಿಗೆಯಲ್ಲಿ ಬಾರಿಸಬೇಕು. ಒಂದು ಸಲ, ಅಷ್ಟೇ. “ಅವನ ಸ್ವರ ಒಮ್ಮೆ ಅಲ್ಲಿ ಕೇಳಬೇಕು ಮಾರಾಯ. ನಾನು ಕೇಳಿದರೆ ಮಾಸ್ಟರು ನಗುತ್ತಾನೆ. ನನ್ನ ಪರವಾಗಿ ನೀನು ಮಾತಾಡು.”

ಮಾಸ್ಟರು ಎಂದರೆ ಶಾಲೆಯಲ್ಲಿ ಪಾಠ ಹೇಳಿ ಇಗರ್ಜಿಯಲ್ಲಿ ಹಾರ್ಮೋನಿಯಂ ನುಡಿಸುವವರು. ಇವರು ಆ ಮಾಸ್ಟರ ಹಾಡನ್ನು ಕರು ಕಳಕೊಂಡ ಎಮ್ಮೆಯ ಕೂಗಿಗೆ ಹೋಲಿಸಿದ್ದು ಊರಿಗೆಲ್ಲ ಗೊತ್ತಿತ್ತು, ಮಾಸ್ಟರಿಗೂ ಗೊತ್ತಿತ್ತು. ಆದ್ದರಿಂದ ವಕಾಲತ್ತು ಸುಲಭದ್ದಾಗಿರಲಿಲ್ಲ. ಅಭ್ಯಾಸದ ಕೋಣೆಗೆ ಇಬ್ಬರೂ ಹೋದೆವು. ಹದಿನೈದಿಪ್ಪತ್ತು ಜನ ಹಾಡುವವರು ಇದ್ದರು. ಇವರು ಹಿಂದಿನ ಬೆಂಚಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಟೊಪ್ಪಿ ಮುಚ್ಚಿ ಕೂತರು.

ನಾನು ಚೆನ್ನಾಗಿ ಮಾತಾಡಿದೆ. ಹಟ್ಟಿಯಲ್ಲಿ ಹುಟ್ಟಿದ ಮಗುವಿನ ಮುಂದೆ ಹಾರ್ಮೋನಿಯಂ ಇರಲಿಲ್ಲ, ಕುರುಬರು ತಮ್ಮಲ್ಲಿ ಇದ್ದದ್ದನ್ನು ತಂದರು, ಮಗುವನ್ನು ನೋಡಲು ಪೂರ್ವದಿಂದ ಬಂದ ಮೂವರು ಜ್ಞಾನಿಗಳಲ್ಲಿ ಒಬ್ಬ ಆಫ್ರಿಕಾದವನೆಂದು ಚಿತ್ರಗಳಲ್ಲೇ ಇದೆ. ಹುಡುಗಿಯರು ತಲೆಯಾಡಿಸಿದರು. ಮಾಸ್ಟರ ಮುಖವೂ ಸಡಿಲವಾಯಿತು. ಅಲ್ಲಿಗೆ ನಿಲ್ಲಿಸಿ ಕೂತಿದ್ದರೆ ಕೆಲಸ ಆಗಿತ್ತು.

“ಚೆಂದ ಮಾತಾಡುತ್ತೀ ಮಾರಾಯ,” ಎಂದರು ಮಾಸ್ಟರು. “ಮಣಿಪಾಲದ ಕಪ್ಪು ಸುಮ್ಮನೆ ಬಂದದ್ದಲ್ಲ. ಅಲ್ಲಿ ಯಾವ ಪಕ್ಷಕ್ಕೆ ಮಾತಾಡಿದ್ದು?”

“ವಿರೋಧಕ್ಕೆ.”

“ಇದಕ್ಕೂ ವಿರೋಧ ಮಾತಾಡಲಿಕ್ಕೆ ಆಗ್ತದಾ ನಿನಗೆ?”

ಹುಡುಗಿಯರು ಕಿಸಕ್ಕೆಂದರು. ನಾನು ಹಿಂದೆ ತಿರುಗಿ ನೋಡಿದೆ. ಅವರು ನಗುತ್ತಿದ್ದರು; ನನಗೆ ನೆನಪಿರುವ ಎರಡನೆಯ ನಗು ಅದು. ಕೋಳಿ ಅಂಕಕ್ಕೆ ತನ್ನ ಹುಂಜವನ್ನು ಬಿಡುವವನಿಗೆ ಇರುವಂಥ ಹೆಮ್ಮೆ ಆ ಮುಖದಲ್ಲಿ. ಉದ್ದ ಉಗುರಿನ ಬೆರಳೆತ್ತಿ ಅವರೇ ಹೇಳಿದರು:

“ಪಕ್ಷ ಬದಲಿಸು!”

ನಾನು ಬದಲಿಸಿದೆ. ಒಂದು ಸೆಕೆಂಡೂ ಹಾಳಾಗಲಿಲ್ಲ. ಇವರ ಪೆಟ್ಟಿಗೆಯಲ್ಲಿ ಹನ್ನೆರಡು ಸರಿ, ಒಂದು ತಪ್ಪು. ಲೋಕದಲ್ಲೆಲ್ಲ ತಪ್ಪನ್ನು ತಿದ್ದಿ ಸರಿಗೆ ಹೊಂದಿಸುತ್ತಾರೆ, ಇವರು ಸರಿಯಾದ ಹನ್ನೆರಡನ್ನು ಕೆಡಿಸಿ ತಪ್ಪಿಗೆ ಹೊಂದಿಸುತ್ತಾರೆ ಎಂದೆ. ಕೋಣೆ ನಕ್ಕಿತು. ಜುದಾಸನ ಮಾತು ಎತ್ತಿದೆ. ಇನ್ನೂ ನಕ್ಕಿತು.

ಹಿಂದಿನಿಂದ ಅವರು ತಡೆದರು. ಆಗಲೂ ಆಟದ ದನಿಯೇ. “ಹಾರ್ಮೋನಿಯಂ ಸರಿ ಎಂದು ನೀನು ಯಾವುದರ ಪಕ್ಕ ಇಟ್ಟು ನೋಡಿದ್ದು?”

“ನೋಡಿ,” ಎಂದೆ ನಾನು ಸಭೆಗೆ, “ಉತ್ತರ ಇಲ್ಲದವರು ಪ್ರಶ್ನೆ ಕೇಳುತ್ತಾರೆ.” ಮಾಸ್ಟರು ತೊಡೆ ತಟ್ಟಿಕೊಂಡು ನಕ್ಕರು.

ಅತ್ಯಂತ ಬಲವಾದ ಅಂಶವನ್ನು ಕೊನೆಗೆ ಇಡಬೇಕು. ಅದನ್ನು ನನಗೆ ಹೇಳಿಕೊಟ್ಟವರೂ ಅವರೇ. ನಾನು ಬಾಯ್ಲರಿನ ಹಿಂದೆ ಕೂತ ಕೂಲಿಯ ಕತೆ ಹೇಳಿದೆ. ಗೈರುಹಾಜರಿ, ಮೂರು ದಿನದ ಗೇಟು, ಬಾರದ ನಾಲ್ಕನೆಯ ದಿನ. ಏನೂ ಬಿಡಲಿಲ್ಲ. “ಮಗುವಿಗೆ ಕುರುಬರು ತಂದದ್ದು ತಮ್ಮದನ್ನು. ಕಿತ್ತುಕೊಂಡ ಮಾಲನ್ನು ತೊಟ್ಟಿಲ ಮುಂದೆ ಬಾರಿಸಿದವರು ಯಾರಾದರೂ ಇದ್ದರೆ ಅದು ಆ ಮಗುವನ್ನೇ ಕೊಲ್ಲಹೊರಟ ಹೆರೋದ ರಾಜನ ಮನೆಯವರು.”

ನಗು ನಿಂತಿತು. ಮಾಸ್ಟರು ಅಭ್ಯಾಸಬಲದಿಂದ ಎರಡು ಚಪ್ಪಾಳೆ ಹೊಡೆದರು, ಆಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಾರ್ಮೋನಿಯಮ್ಮಿನ ಮೇಲೆ ಇಟ್ಟರು. ಒಂದು ಮನೆ ಒತ್ತಿ ಸದ್ದಾಯಿತು. ಆ ಮೌನ ನನಗೆ ಸಹಿಸಲಾಗಲಿಲ್ಲ. ಸಭೆ ನನ್ನ ಕೈ ಬಿಡುತ್ತಿದೆ ಅನ್ನಿಸಿತು. ಹಿಂದಿನ ಬೆಂಚಿಗೆ ಹೋಗಿ, ಟೊಪ್ಪಿ ತೆಗೆದು, ಅವರ ತೊಡೆಯ ಮೇಲಿನ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದೆ. ಅವರು ತಡೆಯಲಿಲ್ಲ. “ಇಷ್ಟಕ್ಕೆ ಇಷ್ಟು ಗಲಾಟೆ,” ಎಂದು ಹದಿಮೂರನೆಯ ನಾಲಗೆಯ ತುದಿಗೆ ಹೆಬ್ಬೆರಳಿಟ್ಟು ಒಳಗೆ ತಳ್ಳಿ ಬಾರಿಸಿದೆ. ಜುದಾಸ್ ಹಾರ್ಮೋನಿಯಮ್ಮಿನ ಆ ಮನೆಗೆ ಬಂದು ಕೂತ. ಎಲ್ಲರಿಗೂ ಕೇಳಿತು.

“ಹೌದಲ್ಲ! ಸರಿಯಾಯಿತಲ್ಲ!” ಮಾಸ್ಟರು ಪೆಟ್ಟಿಗೆ ತೆಗೆದುಕೊಂಡರು. ಅವರಿಗೂ ಆ ಮೌನದಿಂದ ಪಾರಾಗಬೇಕಿತ್ತು ಎಂದು ಕಾಣುತ್ತದೆ. ಒಂದೊಂದು ಮನೆ ಒತ್ತಿ, ಒಂದೊಂದು ನಾಲಗೆ ಸರಿಸಿ, ಉಳಿದ ಹನ್ನೆರಡನ್ನೂ ಹೊಂದಿಸಿಬಿಟ್ಟರು. “ಈಗ ಬಾರಿಸಿ ಸಾಯ್ಬರೆ, ನಮ್ಮದೇನೂ ಅಡ್ಡಿ ಇಲ್ಲ.”

ಅವರು ಎದ್ದು ಬಂದು ಪೆಟ್ಟಿಗೆಯನ್ನು ತೆಗೆದುಕೊಂಡರು. ನನ್ನನ್ನು ನೋಡಿ ಕೊಂಕಣಿಯಲ್ಲಿ ಒಂದೇ ಮಾತು ಹೇಳಿದರು: “ಪುರೊ.” ಸಾಕು ಎಂದು. ಹೋದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

ನತಾಲಿನ ಬೆಳಿಗ್ಗೆ ಸಾಲಿನಲ್ಲಿ ಬಂದರು. ಹಾರ್ಮೋನಿಯಮ್ಮಿಗೆ ತೊಟ್ಟಿಲ ಹಾಡು ಹಾಡುತ್ತಿದ್ದರು. ಬಗ್ಗಿ ಪ್ರತಿಮೆಯ ಪಾದ ಹಿಡಿದಾಗ ನೋಡಿದೆ: ಎರಡೂ ಹೆಬ್ಬೆರಳಿನ ಉಗುರನ್ನು ಮಾಂಸ ಕಾಣುವಷ್ಟು ಕತ್ತರಿಸಿದ್ದರು. ಕತೆ ಅಷ್ಟೊತ್ತಿಗೆ ಎಲ್ಲ ಮನೆಗೂ ಮುಟ್ಟಿತ್ತು. ಇಲಿಬೋನು ಎನ್ನುವವರು ಈಗ ‘ಗೇಟಿನ ಹೊರಗೆ ಯಾರೋ ನಿಂತಿದ್ದಾರೆ, ಪೊರ್ಬುಗಳೇ’ ಎಂದು ಕೂಗಿ ಓಡಲು ಶುರುಮಾಡಿದ್ದರು. ಅವರು ಪ್ರತಿಸಲವೂ ಎದ್ದು ಬಂದು ಗೇಟಿನ ತನಕ ನೋಡುತ್ತಿದ್ದರು.

ಎರಡು ವರ್ಷ ಕಳೆದು, ಇಗರ್ಜಿಯ ಹಾರ್ಮೋನಿಯಂ ಕೆಮ್ಮತೊಡಗಿತೆಂದು ಅದನ್ನು ಬಸ್ಸಿನ ಮೇಲೆ ಹಾಕಿ ಉಡುಪಿಗೆ ಒಯ್ದರು. ನಾನೂ ಮಾಸ್ಟರೂ ಜತೆಗಿದ್ದೆವು. ರಿಪೇರಿ ಮಾಡುವ ಶೇರಿಗಾರರು ಹಲಗೆ ಬಿಚ್ಚಿ, ಒಳಗಿನ ಹಿತ್ತಾಳೆಯ ರೀಡುಗಳನ್ನು ನೋಡಿ ಲೊಚಗುಟ್ಟಿದರು. ಕಡಲಿನ ಉಪ್ಪುಗಾಳಿಗೆ ಅರ್ಧ ರೀಡುಗಳು ಹಸಿರು ಹಿಡಿದಿದ್ದವು. ತಮ್ಮ ಶ್ರುತಿಪೆಟ್ಟಿಗೆ ಇಟ್ಟು ಒಂದೊಂದೇ ಊದಿ ನೋಡಿದರು. ನಾನು ಜುದಾಸನನ್ನು ಹೊಂದಿಸಿದ್ದ ಮನೆಯ ಸರದಿ ಬಂದಾಗ ಮುಖ ಕಿವುಚಿದರು.

“ಇದರ ಸ್ವರ ಇಳಿದು ಎಷ್ಟೋ ವರ್ಷ ಆಯಿತು ಮಾರಾಯ್ರೆ. ಜತೆಗೆ ಹಾಡುವವರಿಗೆ ಗೊತ್ತಾಗಲಿಲ್ವಾ?”

“ಹೇಗೆ ಗೊತ್ತಾಗ್ತದೆ?” ಎಂದರು ಮಾಸ್ಟರು. “ನಾವು ಹಾಡುವುದು ಅದನ್ನೇ ಕೇಳಿ ಅಲ್ವಾ?”

ಯಾವುದರ ಪಕ್ಕ ಇಟ್ಟು ನೋಡಿದ್ದು ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಶೇರಿಗಾರರ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಎಲ್ಲವನ್ನೂ ಪ್ರಶ್ನಿಸುವವನೆಂದು ಬೀಗುತ್ತಿದ್ದ ನಾನು ಅಳತೆಗೋಲನ್ನು ಅಳೆದಿರಲಿಲ್ಲ. ಹಾರ್ಮೋನಿಯಂ ಸರಿಯಾಗಿ ಊರಿಗೆ ಮರಳಿತು. ಆ ಮನೆಯ ಸ್ವರ ಮೇಲೇರಿತು. ಜುದಾಸ್ ಈಗ ಹಾರ್ಮೋನಿಯಮ್ಮಿಗೂ ಸೇರದವನು, ಆ ಕೂಲಿಯ ಕಿವಿಗೂ ಸೇರದವನು. ಪಕ್ಕದ ಮನೆಗೆ ಹೋಗಿ ‘ಬಾಪ್ಪು, ಆ ಪಾಯಿಂಟು ನಿಮ್ಮದು’ ಎಂದು ಹೇಳಲು ನನಗೆ ಬೇಕಾಗಿದ್ದದ್ದು ನಲವತ್ತು ಹೆಜ್ಜೆ. ಹೇಳಲಿಲ್ಲ. ಮುಂದೆ ಕಾರ್ಕಳದ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ರಜೆಗೆ ಬಂದಾಗಲೆಲ್ಲ ಅವರ ಗೇಟಿನ ಮುಂದೆ ಸೈಕಲಿನ ಬೆಲ್ಲು ಹೊಡೆಯದೆ ದಾಟುತ್ತಿದ್ದೆ. ಅಲ್ಲಿಗೆ ಇನ್ನೂ ಮೂರು ವರ್ಷ ಸೇರಿಸಿಕೊಳ್ಳಿ.

ಅವರು ತೀರಿಕೊಂಡು ಒಂದು ತಿಂಗಳಿಗೆ ನಡೆದ ಪೂಜೆಯ ದಿನ ಮಾವ್ಶಿ ನನ್ನನ್ನು ಕರೆದು ಜಗಲಿಯಲ್ಲಿ ಕೂರಿಸಿದರು. ಪೆಟ್ಟಿಗೆ ಬೆಂಚಿನ ಮೇಲಿತ್ತು. ಸ್ಲೇಟು ಮೊಳೆಯಲ್ಲೇ ಇತ್ತು, ಖಾಲಿ.

“ಉಗುರು ನೋಡಿದ್ದೀ ಅಲ್ವಾ? ನಿನ್ನ ಕಣ್ಣು ಅಲ್ಲಿಗೇ ಹೋದದ್ದನ್ನು ನಾನು ಕಂಡೆ.”

“ಒಂದೇ ಯಾಕೆ ಮಾವ್ಶಿ?”

“ಒಂದೇ ನಾಲಗೆ ಬಾರಿಸಲಿಕ್ಕೆ ಎರಡು ಎಂತಕ್ಕೆ? ನತಾಲ್ ಮುಗಿದ ಮೇಲೆ ಅದೊಂದನ್ನು ಬೆಳೆಸಿದ. ಮಧ್ಯಾಹ್ನ ಊಟದ ಮುಂಚೆ ಇಲ್ಲಿ ಕೂರುವುದು, ಆ ತುದಿಯದ್ದನ್ನು ಕೂದಲೆಳೆಯಷ್ಟು ಸರಿಸುವುದು, ಟಿಂಗ್ ಅನ್ನಿಸುವುದು. ಆಮೇಲೆ ನನ್ನನ್ನು ಕೇಳುವುದು: ‘ಅಕ್ಕಾ, ಇದಾ?’ ಐದು ವರ್ಷ.”

“ನಿಮಗೆ ಹೇಗೆ ಗೊತ್ತಾಗಬೇಕು?”

“ನನಗೆ ಗೊತ್ತಿತ್ತು, ಪುತಾ.” ಮಾವ್ಶಿ ಹಲಗೆಯ ತಟ್ಟಿಯನ್ನು ಗೆಣ್ಣಿನಿಂದ ಕುಟ್ಟಿದರು. “ಇದರ ಆಚೆ ನನ್ನ ಪಾತ್ರೆಯ ಶೆಲ್ಫು. ಅಮ್ಮನ ಕಾಲದ ಹಿತ್ತಾಳೆ ಹರಿವಾಣ ಒಂದು ಅಲ್ಲಿ ಒರಗಿಸಿದ್ದೆ. ಅವನು ಬಾಕಿ ಹನ್ನೆರಡನ್ನು ಬಾರಿಸಿದರೆ ಅದಕ್ಕೆ ಎಂತದೂ ಇಲ್ಲ. ಆ ಒಂದನ್ನು ಬಾರಿಸಿದರೆ ಮಾತ್ರ ಹರಿವಾಣ ಗುಂಯ್ ಅಂತಿತ್ತು. ಬಂದ ವರ್ಷದಿಂದ ಕೇಳಿದ್ದೇನೆ. ಹಲಗೆಯ ಈಚೆ ಕೂತ ಅವನಿಗೆ ಅದು ಕೇಳುವುದಿಲ್ಲ.”

“ಹಾಗಾದರೆ ಅವರು ಸರಿಸುವಾಗ, ಒಮ್ಮೆಯಾದರೂ...”

“ಮೂರು ಸಲ.” ಮಾವ್ಶಿ ಮೂರು ಬೆರಳು ತೋರಿಸಿದರು. “ಮೂರು ಸಲ ಹರಿವಾಣ ಗುಂಯ್ ಅಂದಿತು. ಮೂರು ಸಲವೂ ‘ಅಕ್ಕಾ, ಇದಾ?’ ಅಂದ.”

“ನೀವು?”

“ಅಲ್ಲ ಅಂದೆ.”

ಅವರ ಕಣ್ಣು ಮೊಳೆಯ ಸ್ಲೇಟಿನ ಮೇಲಿತ್ತು, ದನಿಯಲ್ಲಿ ಕೋಪ ಇರಲಿಲ್ಲ. ಮೀನು ಬೆಂದಿದೆಯಾ ಎಂದು ಕೇಳಿದರೆ ಇಲ್ಲ ಎಂದ ಹಾಗಿತ್ತು. “ಮೂರನೆಯ ಸಲ ಅವನ ಕಣ್ಣಲ್ಲಿ ನೀರು ಬಂದಿತ್ತು. ಇದೇ ಇರಬೇಕು ಅಕ್ಕಾ, ಸರಿಯಾಗಿ ಕೇಳು ಅಂದ. ಕೇಳಿದೆ. ಅಲ್ಲ ಅಂದೆ. ಮತ್ತೆ ಸರಿಸಿದ.”

ನಾನು ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ನನಗೆ ಹೊಳೆದದ್ದು ಬೇರೆ. ಪೆಟ್ಟಿಗೆ ಇದೆ, ಹಲಗೆ ಇದೆ, ಹರಿವಾಣ ಇದೆ. ಸರಿಸುತ್ತ ಹೋದರೆ ಅದೇ ಹೇಳುತ್ತದೆ, ಕಿವಿಯೇ ಬೇಡ. “ಮಾವ್ಶಿ, ಆ ಸ್ವರವನ್ನು ಈಗಲೂ ಹುಡುಕಬಹುದು. ಇಷ್ಟೇ, ನೋಡಿ: ಮೊದಲನೆಯದಾಗಿ, ನಾನು ಇಲ್ಲಿ ಕೂತು ಬಾರಿಸುತ್ತೇನೆ, ನೀವು ಒಳಗೆ...”

“ಪುರೊ,” ಎಂದರು ಮಾವ್ಶಿ.

ಎದ್ದು ಅಡುಗೆಮನೆಯ ಬಾಗಿಲು ಪೂರ್ತಿ ತೆರೆದು ತೋರಿಸಿದರು. ಶೆಲ್ಫಿನಲ್ಲಿ ನಾಲ್ಕು ಸ್ಟೀಲಿನ ತಟ್ಟೆಗಳು ಮುಖ ಕಾಣುವಷ್ಟು ಹೊಳೆಯುತ್ತಿದ್ದವು.

“ಹಳೇ ಹಿತ್ತಾಳೆ ಕೊಟ್ಟರೆ ಹೊಸ ಸ್ಟೀಲು ಕೊಡುವವನು ಮೊನ್ನೆ ಬಂದಿದ್ದ. ಹಿತ್ತಾಳೆಗೆ ಹುಳಿ ಹಾಕಿ ತಿಕ್ಕಬೇಕು, ನನ್ನ ಕೈ ಆಗುವುದಿಲ್ಲ.” ಪೆಟ್ಟಿಗೆಯನ್ನು ನನ್ನ ಕೈಯಲ್ಲಿಟ್ಟರು. “ಇದನ್ನು ನೀನು ತಕ್ಕೊಂಡು ಹೋಗು. ನೀನೇ ಸರಿ ಮಾಡಿದ್ದಲ್ವಾ? ಸರಿಯಾಗಿಯೇ ಇರಲಿ.”

ಅಂಗಳಕ್ಕೆ ಇಳಿದೆ. ಗೇಟಿನ ಹೊರಗೆ ನಿಂತು ಹಿಂದೆ ತಿರುಗಿ ನೋಡಿದಾಗ ಮಾವ್ಶಿ ಕತ್ತೆತ್ತಿ ಗಡಿಯಾರ ನೋಡುತ್ತಿದ್ದರು. ಆಮೇಲೆ ಮೊಳೆಯಿಂದ ಸ್ಲೇಟು ತೆಗೆದು, ಸೆರಗಿನಿಂದ ಒಮ್ಮೆ ಒರೆಸಿ, ಅದರಲ್ಲಿ ಏನೋ ಬರೆದರು.